ಹೊಳೆಯಾಚೆಯ ಕಾಲೇಜು

ನಮ್ಮ ಊರಿನಲ್ಲಿ ಬೀಗ ಮಾರುವ ಅಂಗಡಿ ಇಲ್ಲ. ಬಾಗಿಲುಗಳಿಗೆ ಚಿಲಕವಿಲ್ಲ, ಅಗುಳಿಯಿಲ್ಲ. ಮನೆಯವರು ಹೊಸಿಲ ಮುಂದೆ ನಿಂತು ಒಂದು ಮಾತು ಹೇಳಿದರೆ ಬಾಗಿಲು ಅದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಆ ಮಾತು ಹೇಳಿದವರಿಗೆ ತೆರೆಯುತ್ತದೆ, ಉಳಿದವರಿಗೆ ಇಲ್ಲ. ದನಿ ಯಾರದಾದರೂ ಅದಕ್ಕೆ ಚಿಂತೆಯಿಲ್ಲ. ನೆಗಡಿಯಾಗಿ ಗಂಟಲು ಕಟ್ಟಿದ್ದರೂ, ಹಲ್ಲು ಬಿದ್ದು ಮಾತು ತೊದಲಿದರೂ ಹೇಗೋ ಅರ್ಥ ಮಾಡಿಕೊಳ್ಳುತ್ತದೆ. ಹಾಗಾಗಿ ನಮ್ಮಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಮರ್ಯಾದೆಯೆಂದರೆ ಬೆನ್ನು ತಿರುಗಿಸುವುದು. ಯಾರಾದರೂ ತಮ್ಮ ಬಾಗಿಲ ಮುಂದೆ ನಿಂತರೆ ಜೊತೆಗಿದ್ದವರು ನಾಲ್ಕು ಹೆಜ್ಜೆ ಹಿಂದೆ ಸರಿದು, ರಸ್ತೆಯ ಕಡೆ ಮುಖ ಮಾಡಿ, ಸುಮ್ಮನೆ ಕೆಮ್ಮುತ್ತಲೋ ಹವಾಮಾನದ ಬಗ್ಗೆ ಗಟ್ಟಿಯಾಗಿ ಮಾತಾಡುತ್ತಲೋ ಇರಬೇಕು. ಬೀಗರು ಮನೆಗೆ ಬಂದಾಗ ಇಡೀ ದಿಬ್ಬಣ ರಸ್ತೆಗೆ ಮುಖ ಮಾಡಿ ಕೆಮ್ಮುವುದನ್ನು ಹೊರಗಿನವರು ನೋಡಿದರೆ ನಗುತ್ತಾರೆ. ನಮಗೆ ಅಭ್ಯಾಸ.

ಅಭ್ಯಾಸವಿದ್ದರೂ ಪೇಚಾಟ ತಪ್ಪಿದ್ದಲ್ಲ. ಕುಂಬಾರ ಬೀದಿಯ ಹನುಮಯ್ಯ ಉಗ್ರಾಣದ ಮಾತನ್ನು ಯಾರಿಗೂ ಹೇಳದೆ ತೀರಿಕೊಂಡಾಗ ಅವನ ಮನೆಯವರು ಹನ್ನೊಂದು ದಿನ ಆ ಬಾಗಿಲ ಮುಂದೆ ಕುಳಿತು ತಮಗೆ ತಿಳಿದ ಪದಗಳನ್ನೆಲ್ಲ ಹೇಳಿದರು. ದೇವರ ಹೆಸರು, ಊರುಗಳ ಹೆಸರು, ಕಾಳುಗಳ ಹೆಸರು ಎಲ್ಲ ಮುಗಿದವು. ಕೊನೆಗೆ ಅವನ ಹೆಂಡತಿ ಬೇಸತ್ತು, ಅವನು ಕೋಪ ಬಂದಾಗ ತನ್ನನ್ನು ಕರೆಯುತ್ತಿದ್ದ ಹೆಸರನ್ನು ಗೊಣಗಿಕೊಂಡಳಂತೆ. ಬಾಗಿಲು ತೆರೆದುಕೊಂಡಿತು. ಆಕೆ ಅಳಬೇಕೋ ನಗಬೇಕೋ ತಿಳಿಯದೆ ಅಲ್ಲೇ ಕುಳಿತುಬಿಟ್ಟಳು.

ನನ್ನ ಹೆಸರು ವಾರಿಜ. ಊರಿನ ಆಸ್ಪತ್ರೆಯಲ್ಲಿ ದಾಖಲೆ ಕೋಣೆಯ ಗುಮಾಸ್ತೆ. ರೋಗಿಗಳ ಕಡತಗಳನ್ನು ತೆಗೆದುಕೊಡುವುದು, ಮತ್ತೆ ಜಾಗದಲ್ಲಿಡುವುದು, ಹೊಸದಾಗಿ ಬಂದ ಕಂಪ್ಯೂಟರಿಗೆ ಅವನ್ನೆಲ್ಲ ಏರಿಸುವುದು ನನ್ನ ಕೆಲಸ. ಕಂಪ್ಯೂಟರು ಕೂಡ ಒಳಗೆ ಬಿಡುವ ಮೊದಲು ಒಂದು ಮಾತು ಕೇಳುತ್ತದೆಂದು ತಿಳಿದಾಗ ಊರಿನವರಿಗೆ ಅದರ ಮೇಲೆ ವಿಶ್ವಾಸ ಬಂತು. ನಮ್ಮ ಕಡೆಯದೇ ಇರಬೇಕು ಎಂದರು.

ಎರಡು ವರ್ಷದ ಹಿಂದಿನ ಒಂದು ಸೋಮವಾರ. ಕಿಟಕಿಯ ಮುಂದೆ ಸಾಲು ಅಂಗಳದವರೆಗೆ ಬೆಳೆದಿತ್ತು. ದಾಖಲೆ ಕೋಣೆಯ ಬಾಗಿಲ ಮುಂದೆ ನಾನು ನಿಂತಾಗ ಹಿಂದಿದ್ದವರೆಲ್ಲ ಬೆನ್ನು ತಿರುಗಿಸಿದರು. ಒಬ್ಬ ತಿರುಗಿಸಲಿಲ್ಲ. ಬೇರೆ ಊರಿನಿಂದ ಬಂದು ಹೋಗುತ್ತಿದ್ದ ಮದುವೆ ದಲ್ಲಾಳಿ. ಅವನು ತಿರುಗದೆ ನಿಂತಿದ್ದನ್ನು ನಾನು ಕಣ್ಣಾರೆ ಕಂಡೆ. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ಸಾಲು ದೊಡ್ಡದಿತ್ತು, ಯಾರದೋ ಮಗು ಅಳುತ್ತಿತ್ತು, ಇರಲಿ ಎಂದುಕೊಂಡು ಬಾಗಿಲಿಗೆ ಮಾತು ಹೇಳಿದೆ. ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ಅವನು ಅದೇ ಮಾತು ಹೇಳಿ ಒಳಗೆ ಹೋಗಿ ಬಂದನೆಂದು ಆಮೇಲೆ ತಿಳಿಯಿತು.

ವಾರ ಕಳೆಯುವುದರೊಳಗೆ ಇಂದ್ರಾಣಿಯ ಮದುವೆ ಮುರಿಯಿತು. ಇಂದ್ರಾಣಿ ನಮ್ಮ ಶಾಲೆಯಲ್ಲಿ ಗಣಿತದ ಟೀಚರು. ಅವಳಿಗೆ ಮೂರ್ಛೆ ರೋಗವಿತ್ತು, ಮಾತ್ರೆ ತೆಗೆದುಕೊಳ್ಳುತ್ತಿದ್ದಳು, ಮೂರು ವರ್ಷದಿಂದ ಒಂದು ಸಲವೂ ಬಂದಿರಲಿಲ್ಲ. ಇದು ಗೊತ್ತಿದ್ದದ್ದು ಅವಳ ತಾಯಿಗೆ, ಡಾಕ್ಟರಮ್ಮನಿಗೆ ಮತ್ತು ಕಡತಕ್ಕೆ. ಗಂಡಿನ ಮನೆಯವರು ನಿಶ್ಚಿತಾರ್ಥದ ಸೀರೆ ವಾಪಸು ಕಳಿಸಿದ ಸಂಜೆಯ ಹೊತ್ತಿಗೆ ಅದು ಸಂತೆಬೀದಿಯ ತುಂಬ ಗೊತ್ತಾಗಿತ್ತು.

ನಾನು ಅವಳ ಮನೆಗೆ ಹೋದೆ. ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ದಲ್ಲಾಳಿ ತಿರುಗಿರಲಿಲ್ಲ, ನಾನು ನೋಡಿದ್ದೆ, ನೋಡಿಯೂ ಮಾತು ಹೇಳಿದೆ ಎಂದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ನಾನೇ ಅವ್ರಿಗೆ ಹೇಳೋಳಿದ್ದೆ ವಾರಿಜಕ್ಕ," ಎಂದಳು. "ಶುಕ್ರವಾರ ಹೇಳೋಣ ಅಂತ ಎಲ್ಲಾ ಯೋಚಿಸಿಟ್ಟಿದ್ದೆ. ಹೇಗೆ ಶುರು ಮಾಡ್ಬೇಕು, ಅವ್ರು ಏನು ಕೇಳಬಹುದು, ನಾನು ಏನು ಹೇಳ್ಬೇಕು ಅಂತ. ಹೇಳಿದ್ರೂ ಬೇಡ ಅಂತಿದ್ರೇನೋ. ಆದ್ರೆ ಹೇಳೋಳು ನಾನಾಗಿರ್ತಿದ್ದೆ. ನನ್ನ ಬಾಯಲ್ಲಿದ್ದ ಮಾತನ್ನ ಕಿತ್ಕೊಂಡು ಬೇರೆ ಯಾರೋ ಹೇಳಿಬಿಟ್ರು."

ತಪ್ಪಾಯಿತು ಎಂದೆ.

"ನಿಮ್ಮ ತಪ್ಪಾಯ್ತು ಇಟ್ಕೊಂಡು ನಾನೇನು ಮಾಡ್ಲಿ? ಇನ್ನೊಬ್ರಿಗೆ ಹೀಗಾಗದ ಹಾಗೆ ನೋಡ್ಕೊಳ್ಳಿ. ಅಷ್ಟು ಮಾಡಿದ್ರೆ ಸಾಕು. ಈಗ ಹೋಗಿ."

ಡಾಕ್ಟರಮ್ಮ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಅವರ ಹೆಸರು ಫಿಲೋಮಿನಾ. ನಾನು ರಾಜೀನಾಮೆ ಬರೆದುಕೊಂಡು ಹೋದಾಗ ಅದನ್ನು ಮಡಚಿ ತಮ್ಮ ಕನ್ನಡಕದ ಡಬ್ಬಿಯ ಕೆಳಗೆ ಇಟ್ಟುಕೊಂಡರು.

"ನೀನು ಹೋದ್ರೆ ನಿನ್ನ ಜಾಗಕ್ಕೆ ಇನ್ನೊಬ್ಳು ಬರ್ತಾಳೆ, ಅವಳಿಗೂ ಏನೂ ಗೊತ್ತಿರಲ್ಲ," ಎಂದರು. "ಬಾಗಿಲಿನ ಮಾತು ಬದಲಾಯಿಸಿದ್ವಿ, ಸರಿ. ಕಂಪ್ಯೂಟರಿನ ಗತಿಯೇನು? ಅದಕ್ಕೆ ಬೆನ್ನು ತಿರುಗಿಸೋರು ಯಾರು? ಇದನ್ನೇ ಓದೋ ಕೋರ್ಸುಗಳಿವೆಯಂತೆ. ಸೈಬರ್ ಭದ್ರತೆ, ಮಾಹಿತಿ ರಕ್ಷಣೆ ಅಂತ ಮೂರು ವರ್ಷದ್ದು. ಆಸ್ಪತ್ರೆಯಿಂದ ಒಬ್ರನ್ನ ಓದಿಸೋಣ ಅಂತ ಸಮಿತಿಗೆ ಬರೀತೀನಿ. ಕಾಲೇಜು ಯಾವ್ದು ಅಂತ ನೀನೇ ನೋಡಿ ಆರಿಸು. ನೋಡಿ ಆರಿಸು ಅಂದೆ, ಜಾಹೀರಾತು ಓದಿ ಅಲ್ಲ."

ನನಗೆ ಆಗ ಮೂವತ್ತೊಂದು ವರ್ಷ. ಪಿಯುಸಿ ಮುಗಿದು ಹದಿಮೂರು ವರ್ಷವಾಗಿತ್ತು. ಗಂಡ ಮಾದೇಶ ಬಸ್ಸು ಓಡಿಸುತ್ತಾನೆ, ಮಗಳು ಇಂಚರ ಎರಡನೇ ತರಗತಿ. ಮನೆಯಲ್ಲಿ ಹೇಳಿದಾಗ ಮಾದೇಶ ತಟ್ಟೆಯಿಂದ ತಲೆಯೆತ್ತಿ ನೋಡಿ ಮತ್ತೆ ಊಟ ಮಾಡಿದ. ಅವನು ಏನನ್ನಾದರೂ ಯೋಚಿಸಲು ಒಂದು ದಿನ ತೆಗೆದುಕೊಳ್ಳುತ್ತಾನೆ. ನನ್ನ ಅತ್ತೆ ಚೆಲುವಮ್ಮನಿಗೆ ಒಂದು ನಿಮಿಷ ಸಾಕು.

"ಕಾಲೇಜು ನೋಡೋಕೆ ನಾನೂ ಬರ್ತೀನಿ," ಎಂದರು. ಬದನೆಕಾಯಿಯನ್ನು ತೊಟ್ಟು ಎತ್ತಿ ನೋಡದೆ, ಸೀರೆಯನ್ನು ಒಳಮಗ್ಗುಲು ತಿರುವಿ ನೋಡದೆ ಈ ವಯಸ್ಸಿನವರೆಗೆ ಏನನ್ನೂ ಮನೆಗೆ ತಂದವರಲ್ಲ ಅವರು.

ಮೊದಲು ಹೋದದ್ದು ಪೇಟೆಯ ಕಾಲೇಜಿಗೆ. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಆ ಪೇಟೆಯಲ್ಲಿ ಬಾಗಿಲುಗಳಿಗೆ ಸಾಧಾರಣ ಬೀಗಗಳೇ ಇವೆ, ಅಲ್ಲಿ ನಮ್ಮ ಊರಿನವರನ್ನು ಕಂಡರೆ ಬೇಕೆಂದೇ ಕೆಮ್ಮಿ ತಮಾಷೆ ಮಾಡುತ್ತಾರೆ. ಕಾಲೇಜಿನ ಕಟ್ಟಡ ದೊಡ್ಡದು. ಗಾಜಿನ ಗೋಡೆ, ತಣ್ಣಗಿನ ಗಾಳಿ, ಒಳಗೆ ಕಾಲಿಟ್ಟ ಕೂಡಲೇ ಕಾಫಿ. ಗೋಡೆಯ ಮೇಲೆ ಬಂಗಾರದ ಅಕ್ಷರಗಳಲ್ಲಿ 'ಮಾನ್ಯತೆ ಪಡೆದ ಕಾಲೇಜು' ಎಂದು ನನ್ನಷ್ಟೇ ಎತ್ತರ ಬರೆದಿತ್ತು. ಒಬ್ಬ ತರುಣ ನಗುನಗುತ್ತಾ ನಮ್ಮನ್ನು ಕೂರಿಸಿದ.

"ಮೇಡಂ, ಪರೀಕ್ಷೆ ಗಿರೀಕ್ಷೆ ಏನಿಲ್ಲ. ಫಾರಂ ತುಂಬಿದ್ರೆ ಸೀಟು. ವಯಸ್ಸು ಗಿಯಸ್ಸು ಯಾರೂ ಕೇಳಲ್ಲ."

ಅತ್ತೆ ಕಾಫಿ ಕುಡಿದು ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಾಲು ಗಟ್ಟಿ ಎಂದು ನನ್ನ ಕಿವಿಯಲ್ಲಿ ಹೇಳಿದರು. ನನಗೂ ಮನಸ್ಸು ವಾಲಿತ್ತು. ದಿನಾ ಮನೆಯಿಂದ ಹೋಗಿ ಬರಬಹುದು, ಮಗಳನ್ನು ಬಿಟ್ಟಿರಬೇಕಾಗಿಲ್ಲ. ಫಾರಂ ಕೈಗೆ ತೆಗೆದುಕೊಂಡೆ, ಹೆಸರನ್ನೂ ಬರೆದೆ. ಹಾಗೇ ಸುಮ್ಮನೆ, ಈ ಕೋರ್ಸು ಮುಗಿಸಿದವರು ಈಗ ಎಲ್ಲಿದ್ದಾರೆ ಎಂದು ಕೇಳಿದೆ.

"ಓ, ತೋರಿಸ್ತೀನಿ ಬನ್ನಿ!" ಎಂದು ಅವನು ತನ್ನ ಕಂಪ್ಯೂಟರಿನ ಮುಖವನ್ನು ಪೂರ್ತಿ ನನ್ನ ಕಡೆ ತಿರುಗಿಸಿದ. ಹಿಂದಿನ ವರ್ಷ ಓದಿದ ಅರವತ್ತು ಜನರ ಹೆಸರು, ಫೋಟೋ, ಅಂಕ, ಮನೆ ವಿಳಾಸ, ತಂದೆಯ ಫೋನ್ ನಂಬರು. ಒಬ್ಬ ಹುಡುಗಿಯ ಹೆಸರಿನ ಮುಂದೆ 'ತಾಯಿಗೆ ಕ್ಯಾನ್ಸರ್, ಹಾಜರಾತಿ ಕಡಿಮೆ' ಎಂದಿತ್ತು. "ಯಾರಿಗೆ ಬೇಕಾದ್ರೂ ಫೋನ್ ಮಾಡಿ ಕೇಳಿ ಮೇಡಂ. ನಂಬರು ಬರ್ಕೊಳ್ತೀರಾ?"

ನಾನು ಕುರ್ಚಿಯಲ್ಲಿ ಕುಳಿತಲ್ಲೇ ಬೆನ್ನು ತಿರುಗಿಸಿದೆ. ಅತ್ತೆಯೂ ತಿರುಗಿಸಿದರು. ಇಬ್ಬರೂ ಗೋಡೆ ನೋಡುತ್ತಾ ಕೆಮ್ಮಿದೆವು. ಆ ತರುಣ ಪಾಪ, ತಣ್ಣನೆಯ ಗಾಳಿ ಹೆಚ್ಚಾಯಿತೇನೋ ಎಂದುಕೊಂಡು ಯಂತ್ರ ಆರಿಸಲು ಎದ್ದು ಹೋದ.

ಫಾರಂ ಮಡಚಿ ಚೀಲಕ್ಕೆ ಹಾಕಿಕೊಂಡು ಬಂದೆ. ಬಸ್ಸಿನಲ್ಲಿ ಅತ್ತೆ, "ಆ ಹುಡುಗಿ ತಾಯಿ ಈಗ ಹೇಗಿದಾಳೋ," ಎಂದರು. ಮತ್ತೆ ತಮಗೆ ತಾವೇ, "ನಂಗ್ಯಾಕೆ ಗೊತ್ತಾಗ್ಬೇಕಿತ್ತು ಅದು?" ಎಂದು ಸಿಟ್ಟಾದರು.

ಆದರೂ ಬಂಗಾರದ ಅಕ್ಷರ ನನ್ನನ್ನು ಕಾಡುತ್ತಿತ್ತು. ಮಾನ್ಯತೆ ಇದೆ ಎಂದ ಮೇಲೆ ನನ್ನದೇ ಅತಿಯಾಯಿತೇನೋ ಎನಿಸಿತು. ಡಾಕ್ಟರಮ್ಮ ಮಾನ್ಯತಾ ಮಂಡಳಿಯ ಫೋನ್ ನಂಬರು ಹುಡುಕಿಕೊಟ್ಟು, "ಕಾಲೇಜನ್ನ ಕೇಳಿದ್ರೆ ಕಾಲೇಜು ಹೌದು ಅನ್ನತ್ತೆ. ಕೊಟ್ಟೋರನ್ನ ಕೇಳು," ಎಂದರು. ಆ ಕಡೆಯಿಂದ ಮಾತಾಡಿದ ಹೆಂಗಸಿಗೆ ಅವಸರವಿರಲಿಲ್ಲ.

"ಮಾನ್ಯತೆ ಕಾಲೇಜಿಗೆ ಇದೆಯಾ ಅಂತ ಕೇಳ್ತಿದೀರೋ, ಕೋರ್ಸಿಗೆ ಇದೆಯಾ ಅಂತ ಕೇಳ್ತಿದೀರೋ?"

ಎರಡೂ ಒಂದೇ ಅಲ್ಲವೇ ಎಂದೆ.

"ಅಲ್ಲಮ್ಮ. ಕಾಲೇಜಿಗೆ ಕೊಡೋದು ಅದು ನಿಜವಾದ ಕಾಲೇಜು, ಪಾಠ ನಡೆಯತ್ತೆ, ಪದವಿ ಕೊಡಬಹುದು ಅಂತ. ಕೋರ್ಸಿಗೆ ಕೊಡೋದೇ ಬೇರೆ. ಏನು ಕಲಿಸ್ತಾರೆ, ಕಲಿಸೋರು ಯಾರು, ಲ್ಯಾಬು ಹೇಗಿದೆ, ಮುಗಿಸಿದೋರಿಗೆ ನಿಜವಾಗ್ಲೂ ಕೆಲಸ ಬರತ್ತಾ ಅಂತ ನೋಡಿ ಕೊಡ್ತೀವಿ. ಅದೂ ಇಂತಿಷ್ಟು ವರ್ಷಕ್ಕೆ ಅಂತ. ಆಮೇಲೆ ಮತ್ತೆ ಬಂದು ನೋಡ್ತೀವಿ." ಕಾಗದ ಮಗುಚುವ ಸದ್ದು ಕೇಳಿಸಿತು. "ನೀವು ಹೇಳಿದ ಪೇಟೆ ಕಾಲೇಜಿಗೆ ಮಾನ್ಯತೆ ಇದೆ. ಹೋಟೆಲ್ ನಿರ್ವಹಣೆ ಕೋರ್ಸಿಗೂ ಇದೆ. ಮಾಹಿತಿ ರಕ್ಷಣೆ ಕೋರ್ಸಿಗೆ ಇಲ್ಲ, ಅವ್ರು ಕೇಳಿಯೂ ಇಲ್ಲ."

ಕಾಫಿ ಅಷ್ಟು ಚೆನ್ನಾಗಿದ್ದ ಗುಟ್ಟು ತಿಳಿದ ಹಾಗಾಯಿತು. ನಮ್ಮ ಸುತ್ತಮುತ್ತ ಆ ಕೋರ್ಸಿಗೆ ಮಾನ್ಯತೆ ಇರುವ ಕಾಲೇಜು ಯಾವುದೆಂದು ಕೇಳಿದೆ. ಒಂದೇ ಇತ್ತು. ಹೊಳೆಯಾಚೆ, ಬಸ್ಸಿನಲ್ಲಿ ನಾಲ್ಕು ಗಂಟೆ, ಆಮೇಲೆ ದೋಣಿ.

ಅಲ್ಲಿಗೂ ಅತ್ತೆ ಬಂದರು. ಶೀಟು ಹೊದಿಸಿದ ಉದ್ದನೆಯ ಕಟ್ಟಡ, ಅಂಗಳದಲ್ಲಿ ಹೊಂಗೆ ಮರ. ಗೋಡೆಯ ಮೇಲೆ ಒಂದು ಸಣ್ಣ ಚೌಕಟ್ಟಿನಲ್ಲಿ ಮಂಡಳಿಯ ಪತ್ರ, ಅದರಲ್ಲಿ ಕೋರ್ಸಿನ ಹೆಸರು, ಯಾವ ವರ್ಷದವರೆಗೆ ಎಂಬುದು. ಕಾಫಿ ಇರಲಿಲ್ಲ, ಕೊಡದಲ್ಲಿ ನೀರಿತ್ತು. ಕಚೇರಿಯಲ್ಲಿ ವಯಸ್ಸಾದ ಗುಮಾಸ್ತ ಕುಳಿತಿದ್ದರು. ಅತ್ತೆಗೆ ತಟ್ಟನೆ ನೆನಪಾಯಿತು.

"ನಮ್ಮ ಬೀದಿ ತಾಯವ್ವನ ಮಗ ಪ್ರಮೋದ ಇಲ್ಲೇ ಓದ್ತಿರೋದು. ಹೇಗೆ ಓದ್ತಿದಾನೆ ಸ್ವಾಮಿ?"

"ಹೇಳೋಕಾಗಲ್ಲಮ್ಮ."

"ಅಷ್ಟು ಕೆಟ್ಟದಾಗಿ ಓದ್ತಿದಾನಾ?"

"ಅದೂ ಹೇಳೋಕಾಗಲ್ಲ. ಆ ಹೆಸರಿನೋರು ಇಲ್ಲಿದಾರೋ ಇಲ್ವೋ ಅದನ್ನೂ ಹೇಳೋಕಾಗಲ್ಲ."

"ಅಯ್ಯೋ, ಇದಾನೆ ಅಂತ ನಾನೇ ಹೇಳ್ತಿದೀನಲ್ಲ! ಅವನ ತಾಯಿನೇ ನಂಗೆ ಹೇಳಿದ್ದು!"

"ಹಾಗಿದ್ರೆ ಹೇಗೆ ಓದ್ತಿದಾನೆ ಅಂತಾನೂ ಅವ್ರನ್ನೇ ಕೇಳಿಬಿಡಿ ತಾಯಿ. ನೀರು ಕುಡೀತೀರಾ?"

ಅತ್ತೆಗೆ ಅವಮಾನವಾಯಿತು. ನೀರು ಕುಡಿಯದೆ ಹೊರಗೆ ಬಂದು ಹೊಂಗೆ ಮರದ ಕೆಳಗೆ ಕುಳಿತರು. ಅಷ್ಟರಲ್ಲಿ ಬಿಳಿ ಸೆರಗು ತಲೆಯ ಮೇಲೆ ಹೊದ್ದ ಒಬ್ಬರು ಬಂದು ನನ್ನನ್ನು ಒಳಗೆ ಕರೆದುಕೊಂಡು ಹೋದರು. ಜೈನಬ್ ಮೇಡಂ, ಆ ವಿಭಾಗದ ಮುಖ್ಯಸ್ಥೆ. ಒಂದು ಕೋಣೆಯಲ್ಲಿ ಹತ್ತು ಹದಿನೈದು ವಿದ್ಯಾರ್ಥಿಗಳು ಎರಡು ಗುಂಪಾಗಿ ಕಂಪ್ಯೂಟರುಗಳ ಮುಂದೆ ಕುಳಿತಿದ್ದರು. ಒಂದು ಗುಂಪು ಕಾಯುವುದು, ಇನ್ನೊಂದು ನುಗ್ಗಲು ನೋಡುವುದು. ವಾರವಿಡೀ ಇದೇ ಪಾಠವಂತೆ.

"ಶನಿವಾರ ಸೋತ ಗುಂಪು ಎಲ್ಲರ ಮುಂದೆ ನಿಂತು ಹೇಗೆ ಸೋತ್ವಿ ಅಂತ ಹೇಳ್ಬೇಕು," ಎಂದರು ಮೇಡಂ. "ಯಾರೂ ನಗೋ ಹಾಗಿಲ್ಲ. ನಕ್ಕರೆ ಮುಂದಿನ ಸಲ ಮುಚ್ಚಿಡ್ತಾರೆ. ಮುಚ್ಚಿಟ್ಟ ತಪ್ಪಿನಷ್ಟು ಅಪಾಯ ಇನ್ನೊಂದಿಲ್ಲ."

ಗುಟ್ಟು ಕಾಯುವುದನ್ನು ಮಾತ್ರ ಕಲಿಸುತ್ತೀರಾ ಎಂದು ಕೇಳಿದೆ. ಅದು ಮೂರರಲ್ಲಿ ಒಂದು ಎಂದರು. ಬರೆದದ್ದನ್ನು ಯಾರೂ ತಿದ್ದದ ಹಾಗೆ ನೋಡಿಕೊಳ್ಳುವುದು ಇನ್ನೊಂದು. ಬೇಕಾದವರಿಗೆ ಬೇಕಾದ ಹೊತ್ತಿಗೆ ಅದು ಸಿಗುವ ಹಾಗೆ ಮಾಡುವುದು ಮತ್ತೊಂದು. ನಾನು ಕುಂಬಾರ ಬೀದಿಯ ಹನುಮಯ್ಯನ ಉಗ್ರಾಣದ ಕಥೆ ಹೇಳಿದೆ. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅದನ್ನು ಪಾಠಕ್ಕೆ ಬಳಸಿಕೊಳ್ಳಬಹುದೇ ಎಂದು ಕೇಳಿದರು. ಅವರ ಮನೆಯವರನ್ನು ಕೇಳಿ ತಿಳಿಸುತ್ತೇನೆ ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, ಪ್ರವೇಶ ಪರೀಕ್ಷೆಗೆ ಏಳು ವಾರವಿದೆ, ಗಣಿತ ಬರುತ್ತದೆಯೇ ಎಂದರು. ಬರುವುದಿಲ್ಲ ಎಂದೆ.

ದೋಣಿಯಲ್ಲಿ ವಾಪಸು ಬರುವಾಗ ಅತ್ತೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅರ್ಧ ಹೊಳೆ ದಾಟಿದ ಮೇಲೆ, "ಆ ಮುದುಕ ನಾಳೆ ನಿನ್ನ ಬಗ್ಗೆ ಯಾರಾದ್ರೂ ಕೇಳಿದ್ರೂ ಹಾಗೇ ಹೇಳ್ತಾನೆ ಅಲ್ವಾ?" ಎಂದರು. ಹೌದು ಎಂದೆ. "ಹಾಗಾದ್ರೆ ಇಲ್ಲೇ ಓದು," ಎಂದರು.

ಮಾದೇಶ ಒಪ್ಪಲಿಲ್ಲ. ಜಗಳವೇನೂ ಆಡಲಿಲ್ಲ, ಪೇಟೆಯ ಕಾಲೇಜು ಹತ್ತಿರ ಇದೆಯಲ್ಲ ಎಂದಷ್ಟೇ ಹೇಳಿ ಇಂಚರಳ ಜಡೆ ಹೆಣೆಯಲು ಕುಳಿತ. ವಾರವಿಡೀ ನಾನು ಹಾಸ್ಟೆಲಿನಲ್ಲಿದ್ದರೆ ಆ ಜಡೆ ದಿನಾ ಅವನೇ ಹೆಣೆಯಬೇಕೆಂದು ನನಗೆ ತೋರಿಸುತ್ತಿದ್ದ. ಜಡೆ ಸೊಟ್ಟಗಿತ್ತು. ಮರುದಿನ ಅವನು ಡಿಪೋಗೆ ಹೋಗಿ, ವಾರಕ್ಕೆರಡು ದಿನ ಹೊಳೆ ದಾರಿಯ ಬಸ್ಸು ತನಗೆ ಕೊಡುತ್ತಾರೆಯೇ ಎಂದು ಕೇಳಿಕೊಂಡು ಬಂದ. ಒಪ್ಪಿದೆ ಎಂದು ಬಾಯಿಬಿಟ್ಟು ಅವನು ಇವತ್ತಿನವರೆಗೂ ಹೇಳಿಲ್ಲ.

ಉಳಿದದ್ದು ಆಸ್ಪತ್ರೆ ಸಮಿತಿ. ಅಧ್ಯಕ್ಷರು ಪುಟ್ಟಬಸಪ್ಪನವರು, ಎಣ್ಣೆ ಗಾಣದ ಮಾಲೀಕರು. ಪೇಟೆಯ ಕಾಲೇಜೇ ಆಗಬೇಕೆಂದು ಅವರ ಹಟ. ಅವರ ಹೆಂಡತಿಯ ತಂಗಿಯ ಮಗ ಅಲ್ಲೇ ಓದುತ್ತಿದ್ದ. ಮೊದಲ ದರ್ಜೆಯಲ್ಲಿ ಪಾಸಾಗುತ್ತಿದ್ದಾನೆಂದು ಊರಿಗೆಲ್ಲ ಹೇಳಿದ್ದರು.

"ಅಷ್ಟು ದೊಡ್ಡ ಕಟ್ಟಡ ಬಿಟ್ಟು ಆ ಶೀಟಿನ ಮನೆಗೆ ಯಾಕಮ್ಮ ಹೋಗ್ತೀಯ? ಪೇಟೆ ಕಾಲೇಜಲ್ಲಿ ನೀನು ಕಂಡ ತಪ್ಪೇನು ಹೇಳು."

ನನಗೆ ಆ ಹುಡುಗಿಯ ಹೆಸರು, ಅವಳ ತಾಯಿಯ ಕಾಯಿಲೆ ಎಲ್ಲ ನೆನಪಿತ್ತು. ಹೇಳಿಬಿಟ್ಟರೆ ಎಲ್ಲರೂ ಒಪ್ಪುತ್ತಿದ್ದರು. ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ. "ನಾನು ಕಂಡಿದ್ದನ್ನ ಹೇಳೋ ಹಾಗಿಲ್ಲ," ಎಂದೆ. "ಅಲ್ಲಿಯವರಿಗೆ ಮಕ್ಕಳ ವಿವರ ಕಾಯೋದು ಬರಲ್ಲ. ಅಷ್ಟೇ."

"ಇದೊಳ್ಳೆ ಕಥೆಯಾಯ್ತಲ್ಲ. ಪುರಾವೆ ಬೇಡ್ವೇನಮ್ಮ?"

"ಹಾಗಿದ್ರೆ ನೀವೇ ಫೋನ್ ಮಾಡಿ ನೋಡಿ ಸ್ವಾಮಿ. ಬೇರೆಯವರ ಮಕ್ಕಳ ವಿಷಯ ಬೇಡ. ನಿಮ್ಮ ಮನೆ ಹುಡುಗನದ್ದೇ ಕೇಳಿ. ನೀವ್ಯಾರು ಅಂತ ಹೇಳ್ಬೇಡಿ. ಆಚೆ ಹೋಗಿ ಒಬ್ರೇ ಮಾತಾಡಿ."

ಪುಟ್ಟಬಸಪ್ಪನವರಿಗೆ ಆಚೆ ಹೋಗುವ ಅಗತ್ಯ ಕಾಣಲಿಲ್ಲ. ಮೊದಲ ದರ್ಜೆಯನ್ನು ಎಲ್ಲರೂ ಕೇಳಲಿ ಎಂಬ ಆಸೆಯೂ ಇತ್ತು. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದರು. ನಾನೊಬ್ಬ ದಾರಿಹೋಕ, ಇಂಥ ಹುಡುಗ ಹೇಗೆ ಓದುತ್ತಿದ್ದಾನೆ ತಿಳಿಯಬೇಕಿತ್ತು ಎಂದರು. ಆ ಕಡೆಯ ನಗುಮುಖದ ದನಿ ಒಂದು ಕ್ಷಣವೂ ತಡಮಾಡಲಿಲ್ಲ.

"ಆ ಹುಡುಗನಾ ಸಾರ್? ನೋಡಿ ಹೇಳ್ತೀನಿ... ನಾಲ್ಕು ವಿಷಯ ಫೇಲು. ಎರಡು ತಿಂಗಳಿಂದ ಕಾಲೇಜಿಗೆ ಬಂದಿಲ್ಲ. ಮನೇಲಿ ಗೊತ್ತಿಲ್ಲ ಅಂತ ಬರ್ದಿದೆ. ಅವ್ರ ತಂದೆ ನಂಬರು ಕೊಡ್ಲಾ ಸಾರ್? ಬರ್ಕೊಳ್ಳಿ..."

ಸಮಿತಿಯ ಉಳಿದ ಏಳೂ ಜನ ಒಟ್ಟಿಗೆ ಎದ್ದು ಗೋಡೆಗೆ ಮುಖ ಮಾಡಿದರು. ಒಬ್ಬರು ಕೆಮ್ಮಿದರು, ಇನ್ನೊಬ್ಬರು ಈ ಸಲ ಬಿಸಿಲು ಜಾಸ್ತಿ ಎಂದು ಕೂಗಿ ಹೇಳಿದರು. ಆದರೆ ಕೇಳಿದ್ದನ್ನು ಕೇಳದ ಹಾಗೆ ಮಾಡಲು ನಮ್ಮ ಊರಿನ ಮರ್ಯಾದೆಗೂ ಬರುವುದಿಲ್ಲ. ಪುಟ್ಟಬಸಪ್ಪನವರು ಫೋನು ಆರಿಸಿ, ಹೊಳೆಯಾಚೆಯ ಕಾಲೇಜಿನ ಕಾಗದಕ್ಕೆ ಸಹಿ ಮಾಡಿದರು.

ಗೆದ್ದೆನೆಂದು ಖುಷಿಯಾಗಲಿಲ್ಲ. ಆ ಹುಡುಗನ ಮಾತೂ ಅವನ ಬಾಯಿಂದ ಬರುವ ಮೊದಲೇ ಹೊರಬಿದ್ದಿತ್ತು, ದಾರಿ ತೋರಿಸಿದವಳು ನಾನೇ. ಮರುದಿನ ಗಾಣಕ್ಕೆ ಹೋಗಿ ಪುಟ್ಟಬಸಪ್ಪನವರಿಗೆ ಇದನ್ನೇ ಹೇಳಿದೆ. ಅವರು ಹಿಂಡಿ ಕೆದಕುತ್ತಾ, "ಸ್ಪೀಕರ್ ಹಾಕಿದ್ದು ನಾನಮ್ಮ," ಎಂದರು. "ಅವನನ್ನ ಕರೆಸಿದೀನಿ. ಬೈಯಲ್ಲ. ಅವನೇ ಹೇಳೋವರೆಗೂ ಕೇಳೋದೂ ಇಲ್ಲ ಅಂದ್ಕೊಂಡಿದೀನಿ. ನೋಡೋಣ, ಎಷ್ಟು ದಿನ ತಡ್ಕೊಳ್ತೀನೋ."

ಇನ್ನು ಗಣಿತ. ಹಳೆಯ ಪುಸ್ತಕಗಳನ್ನು ಹುಡುಕಿ ತಂದು ಕಿಟಕಿಯ ಹಿಂದೆ ಕುಳಿತು, ರೋಗಿಗಳಿಲ್ಲದ ಹೊತ್ತಿನಲ್ಲಿ ಒದ್ದಾಡುತ್ತಿದ್ದೆ. ಇಂದ್ರಾಣಿ ತಿಂಗಳಿಗೊಮ್ಮೆ ಮಾತ್ರೆಯ ಚೀಟಿಗೆ ಬರುತ್ತಿದ್ದಳು. ಚೀಟಿ ತೆಗೆದುಕೊಂಡು ನನ್ನ ಮುಖ ನೋಡದೆ ಹೋಗುತ್ತಿದ್ದಳು. ಆ ದಿನವೂ ಹಾಗೇ ಹೊರಟವಳು ನಿಂತಳು.

"ಮೂರನೇ ಸಾಲು ತಪ್ಪು," ಎಂದಳು.

ನಾನು ನೋಡಿಕೊಂಡೆ. ಎಲ್ಲಿ ತಪ್ಪೆಂದು ಕಾಣಲಿಲ್ಲ.

"ಯಾವ ಪರೀಕ್ಷೆ?" ಎಂದಳು. ಹೇಳಿದೆ. ಯಾವ ಕಾಲೇಜು, ಯಾಕೆ ಅದು, ಯಾಕೆ ಪೇಟೆಯದಲ್ಲ, ಎಲ್ಲ ಹೇಳಿದೆ. ಅವಳು ಕಿಟಕಿಯ ಕಂಬಿ ಹಿಡಿದು ಕೇಳಿಸಿಕೊಂಡಳು. "ಐದು ವಾರ ಇದೆ ಅಂದ್ರೆ ದಿನಾ ಎರಡು ಗಂಟೆ ಬೇಕು. ಸ್ಕೂಲು ಬಿಟ್ಟ ಮೇಲೆ ಬನ್ನಿ. ಇದು ಸ್ನೇಹಕ್ಕಲ್ಲ, ತಿಳ್ಕೊಳ್ಳಿ. ನೀವು ಫೇಲಾದ್ರೆ ಇಲ್ಲಿ ಮತ್ತೆ ಏನೂ ಗೊತ್ತಿಲ್ಲದೋರೇ ಕೂತಿರ್ತಾರೆ. ನನ್ನ ಕಡತ ಇನ್ನೂ ಆ ಕೋಣೆಯಲ್ಲೇ ಇದೆ."

ಅವಳು ಕಟ್ಟುನಿಟ್ಟಿನ ಟೀಚರು. ಎರಡನೇ ತರಗತಿಯ ಪುಟ್ಟ ಬೆಂಚಿನಲ್ಲಿ ಮಂಡಿ ಮಡಿಸಿ ಕುಳಿತು ನಾನು ಲೆಕ್ಕ ಮಾಡುತ್ತಿದ್ದೆ. ಗಡಿಯಾರದ ಮುಳ್ಳುಗಳನ್ನು ತಿರುಗಿಸಿ ಶೇಷದ ಲೆಕ್ಕ ಕಲಿಸಿದಳು: ಹತ್ತು ಗಂಟೆಗೆ ಐದು ಕೂಡಿಸಿದರೆ ಹದಿನೈದಲ್ಲ, ಮೂರು. ಇಷ್ಟು ಸುತ್ತಿ ಬಂದ ಮುಳ್ಳನ್ನು ನೋಡಿ ಅದು ಎಲ್ಲಿಂದ ಹೊರಟಿತ್ತು, ಎಷ್ಟು ಸುತ್ತು ಹಾಕಿತ್ತು ಎಂದು ಯಾರೂ ಹೇಳಲಾರರು, ಗುಟ್ಟು ಬರೆಯುವವರಿಗೆ ಅದೇ ಬೇಕಾದದ್ದು ಎಂದಳು. ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಹೇಳುವಾಗ ಅವಳ ಮುಖ ಅರಳುತ್ತಿತ್ತು. ಮೂರನೇ ವಾರ ಒಂದು ಕಷ್ಟದ ಲೆಕ್ಕವನ್ನು ಅವಳಿಗಿಂತ ಸುಲಭದ ದಾರಿಯಲ್ಲಿ ಬಿಡಿಸಿದೆ. ಅವಳು ಹಲಗೆಯನ್ನು ಎರಡು ಸಲ ಓದಿ, "ಇದು ನಂಗೆ ಹೊಳೆದಿರಲಿಲ್ಲ ನೋಡಿ," ಎಂದು ನಕ್ಕಳು. ನನ್ನೆದುರು ಅವಳು ನಕ್ಕದ್ದು ಅದೇ ಮೊದಲು. ತಕ್ಷಣ ಸೀಮೆಸುಣ್ಣ ಹುಡುಕುವ ಹಾಗೆ ಆ ಕಡೆ ತಿರುಗಿದಳು.

ಪರೀಕ್ಷೆ ಬರೆದೆ. ಸಂದರ್ಶನದಲ್ಲಿ ಜೈನಬ್ ಮೇಡಂ ಒಂದೇ ಪ್ರಶ್ನೆ ಕೇಳಿದರು, ನೀವು ಮಾಡಿದ ದೊಡ್ಡ ತಪ್ಪು ಯಾವುದು. ಹೇಳಿದೆ. ಯಾರಿಗೆ ಏನಾಯಿತೆಂಬುದನ್ನು ಬಿಟ್ಟು ನಾನೇನು ಮಾಡಿದೆ ಎಂಬುದನ್ನು ಪೂರ್ತಿ ಹೇಳಿದೆ. ಯಾರೂ ನಗಲಿಲ್ಲ. ಹತ್ತು ದಿನದ ಮೇಲೆ ಕಾಗದ ಬಂತು. ಇಪ್ಪತ್ತನಾಲ್ಕು ಸೀಟುಗಳಲ್ಲಿ ನನ್ನದು ಹತ್ತೊಂಬತ್ತನೆಯದು. ಅತ್ತೆ ಬೀದಿಗೆಲ್ಲ ಹೇಳಿ ಬರಲು ಹೊರಟವರು ಹೊಸಿಲಲ್ಲಿ ನಿಂತು, "ಹೇಳಬಹುದಾ?" ಎಂದು ನನ್ನನ್ನು ಕೇಳಿದರು. ಹೇಳಿ ಅತ್ತೆ ಎಂದೆ.

ಈಗ ಎರಡನೇ ವರ್ಷ. ನನ್ನ ಜೊತೆಗಿರುವವರೆಲ್ಲ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರು, ನನ್ನನ್ನು ಅಕ್ಕ ಎನ್ನುತ್ತಾರೆ. ನುಗ್ಗುವ ಗುಂಪಿನಲ್ಲಿದ್ದಾಗ ನಾನು ಅಷ್ಟಕ್ಕಷ್ಟೇ, ಕಾಯುವ ಗುಂಪಿನಲ್ಲಿದ್ದಾಗ ಚೆನ್ನಾಗಿ ಕಾಯುತ್ತೇನೆ. ಎರಡು ಸಲ ಸೋತು ಎಲ್ಲರ ಮುಂದೆ ನಿಂತಿದ್ದೇನೆ. ರಜೆಯಲ್ಲಿ ಆಸ್ಪತ್ರೆಗೆ ಹೋಗಿ ಯಾರು ಯಾವ ಕಡತ ನೋಡಬಹುದು, ನೋಡಿದರೆ ಎಲ್ಲಿ ಗುರುತು ಬೀಳಬೇಕು ಎಂದು ಡಾಕ್ಟರಮ್ಮನ ಜೊತೆ ಕೂತು ಬರೆದಿಟ್ಟೆ. ಅದರ ಪ್ರಕಾರ ಅರ್ಧಕ್ಕಿಂತ ಹೆಚ್ಚು ಕಡತಗಳನ್ನು ನಾನೇ ನೋಡುವ ಹಾಗಿಲ್ಲ.

ಹೋದ ಶನಿವಾರ ರಾತ್ರಿ ಮನೆಗೆ ಬಂದಾಗ ನಡುಮನೆಯಲ್ಲಿ ಅತ್ತೆ ಚಾಪೆಯ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದರು. ತಲೆಯ ಕೆಳಗೆ ಮಡಚಿದ ಶಾಲು. ಇಂಚರ ಪಕ್ಕದಲ್ಲಿ ಕುಳಿತು ಗೋಡೆ ಗಡಿಯಾರ ನೋಡುತ್ತಿದ್ದಳು. ಚೀಲ ಹೊತ್ತುಕೊಂಡೇ ಒಳಗೆ ಓಡಿದೆ.

"ಏನಾಯ್ತು?"

"ಏನಿಲ್ಲಮ್ಮ, ಆಟಕ್ಕೆ ಅಜ್ಜಿಗೆ ಸುಮ್ ಸುಮ್ನೆ ಮೂರ್ಛೆ ಬಂದಿದೆ," ಎಂದಳು ಮಗಳು. "ನಮ್ಮ ಇಂದ್ರಾಣಿ ಮಿಸ್‌ಗೆ ಮೂರ್ಛೆ ರೋಗ ಇದೆ. ನಿನ್ನೆ ಕ್ಲಾಸಲ್ಲಿ ಅವ್ರೇ ನಮಗೆಲ್ಲ ಹೇಳಿದ್ರು. ಐದು ವರ್ಷ ಆಯ್ತಂತೆ ಬಂದು, ಆದ್ರೂ ಯಾವಾಗಾದ್ರೂ ಬಂದ್ರೆ ಹೆದರ್ಬೇಡಿ ಅಂತ ಏನು ಮಾಡ್ಬೇಕು ಅಂತ ಹೇಳ್ಕೊಟ್ರು. ಮಗ್ಗುಲಿಗೆ ತಿರುಗಿಸ್ಬೇಕು. ಬಾಯಿಗೆ ಏನೂ ಹಾಕ್ಬಾರದು. ಕೈಗೆ ಕಬ್ಬಿಣ ಕೊಡ್ಬಾರದು, ಅದೆಲ್ಲ ಸುಳ್ಳು. ಗಡಿಯಾರ ನೋಡ್ಬೇಕು, ಐದು ನಿಮಿಷಕ್ಕಿಂತ ಜಾಸ್ತಿ ಆದ್ರೆ ಡಾಕ್ಟರಮ್ಮನ್ನ ಕರೀಬೇಕು. ಯಾರು ಬೇಕಾದ್ರೂ ಪ್ರಶ್ನೆ ಕೇಳಿ ಅಂದ್ರು. ನಾನು ಮೂರು ಕೇಳ್ದೆ."

"ಮಿಸ್ ಹೇಗಿದ್ರು ಹೇಳುವಾಗ?"

ಇಂಚರ ಯೋಚಿಸಿದಳು. "ಲೆಕ್ಕ ಹೇಳ್ಕೊಡೋ ಹಾಗೇ ಇದ್ರು."

ನಾನು ಚೀಲವನ್ನು ಕೆಳಗಿಟ್ಟು ಅವರಿಬ್ಬರ ಪಕ್ಕ ಚಾಪೆಯ ಅಂಚಿನಲ್ಲಿ ಕುಳಿತುಕೊಂಡೆ.

"ವಾರಿಜ," ಎಂದರು ಅತ್ತೆ ಕಣ್ಣು ಮುಚ್ಚಿಕೊಂಡೇ, "ಒಲೆ ಮೇಲೆ ಸಾರಿದೆ. ಇನ್ನು ಏಳಬಹುದಾ ಕೇಳು ನಿನ್ನ ಮಗಳನ್ನ."

"ಇಲ್ಲ ಅಜ್ಜಿ," ಎಂದಳು ಇಂಚರ. "ಪೂರ್ತಿ ಎಚ್ಚರ ಆಗೋವರೆಗೂ ಯಾರಾದ್ರೂ ಪಕ್ಕದಲ್ಲೇ ಇರ್ಬೇಕು ಅಂತ ಮಿಸ್ ಹೇಳಿದಾರೆ. ಅಮ್ಮ, ನೀನು ಆ ಕೈ ಹಿಡ್ಕೋ."

ನಾನು ಹಿಡಿದುಕೊಂಡೆ.